ಪ್ರಶ್ನಾವಳಿಯ ಮೂರನೇ ಪ್ರಶ್ನೆ

ಸಮಾಜವಿಜ್ಞಾನದ ಯಾವ ಥೀಸಿಸ್ ತೆಗೆದರೂ ಮೆಥಡಾಲಜಿ ಚಾಪ್ಟರ್‌ನ ಮೊದಲ ಪುಟಗಳಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ: 'ಈ ಅಧ್ಯಯನವು ವ್ಯಾಖ್ಯಾನವಾದಿ ತಾತ್ವಿಕ ನೆಲೆಯನ್ನು ಆಧರಿಸಿದೆ.' ವ್ಯಾಖ್ಯಾನವಾದ ಎಂದರೆ ಜನ ಕೊಡುವ ಅರ್ಥದಿಂದಲೇ ಸಮಾಜವನ್ನು ತಿಳಿಯಬೇಕು ಎನ್ನುವ ವಾದ. ಅದರ ಜಾಗದಲ್ಲಿ ನಿಸರ್ಗವಿಜ್ಞಾನದ ಹಾಗೆ ಹೊರಗಿನಿಂದ ಅಳೆಯಬೇಕು ಎನ್ನುವ ಪಾಸಿಟಿವಿಸಂ ಇರಬಹುದು, ಪ್ರಶ್ನೆಗೆ ಕೆಲಸಕ್ಕೆ ಬರುವುದನ್ನೇ ಹಿಡಿಯುವ ಪ್ರಾಗ್ಮ್ಯಾಟಿಸಂ ಇರಬಹುದು. ಅದರ ಕೆಳಗೊಂದು ಕೋಷ್ಟಕ. ಎಡಕ್ಕೆ ಆಂಟಾಲಜಿ (ಇರುವುದು ಏನು), ಎಪಿಸ್ಟೆಮಾಲಜಿ (ಅದನ್ನು ತಿಳಿಯುವುದು ಹೇಗೆ), ಮೆಥಡಾಲಜಿ ಎಂಬ ಸಾಲುಗಳು, ಮೇಲೆ ಒಂದೊಂದು ವಾದದ ಹೆಸರು. ಕೆಲವರು ಕೋಷ್ಟಕದ ಬದಲು ಸಂಶೋಧನಾ ವಿಧಾನದ ಪಠ್ಯಪುಸ್ತಕ ಬರೆದ ಸಾಂಡರ್ಸ್ ಮತ್ತು ಸಂಗಡಿಗರ 'ರಿಸರ್ಚ್ ಆನಿಯನ್' ಚಿತ್ರ ಅಂಟಿಸುತ್ತಾರೆ. ಹೊರಪದರದಲ್ಲಿ ತತ್ವಶಾಸ್ತ್ರ, ಒಳಗೆ ಹೋದಂತೆ ವಿಧಾನ, ನಟ್ಟನಡುವೆ ದತ್ತಾಂಶ ಸಂಗ್ರಹ. ಹೊರಗಿನಿಂದ ಒಂದೊಂದೇ ಪದರ ಸುಲಿಯುತ್ತ ಒಳಗೆ ಬರಬೇಕು ಎಂಬುದು ಅದರ ಸೂಚನೆ. ನಾನು ಕಂಡ ಸಂಶೋಧಕರಲ್ಲಿ ಹಾಗೆ ಬಂದವರು ಯಾರೂ ಇಲ್ಲ. ಎಲ್ಲರೂ ನಡುವಿನಿಂದ ಶುರುಮಾಡಿ, ಥೀಸಿಸ್ ಸಲ್ಲಿಸುವ ಹೊತ್ತಿಗೆ ಹೊರಗಿನ ಸಿಪ್ಪೆ ಹುಡುಕುವವರೇ.

ನನ್ನ ವಿಷಯ ಮನೆಯಲ್ಲೇ ಕೂತು ಪೀಸ್ ಲೆಕ್ಕದಲ್ಲಿ ಹೊಲಿಗೆಯ ಚಿಲ್ಲರೆ ಕೆಲಸ ಮಾಡುವ ಹೆಂಗಸರು. ಏಜೆಂಟ್ ಬಟ್ಟೆಯ ಗಂಟು ತಂದು ಹಾಕುತ್ತಾನೆ. ಇವರು ಗುಂಡಿ, ಹುಕ್ಕು ಹಾಕಿ, ದಾರದ ಕೊನೆ ಕತ್ತರಿಸಿ ವಾಪಸ್ ಕೊಡುತ್ತಾರೆ. ಸಿನಾಪ್ಸಿಸ್‌ನಲ್ಲಿ ನಾನೂ ಆ ವಾಕ್ಯ ಬರೆದಿದ್ದೆ, ಕೋಷ್ಟಕವೂ ಇತ್ತು. ಕಮಿಟಿ ಒಪ್ಪಿತು, ಅಲ್ಲಿಗೆ ಅಷ್ಟೇ ಸಾಕು. ಗೈಡ್ ಮೇಡಂ ಮಾತ್ರ ಕೋಷ್ಟಕದ ಕಡೆ ಕಣ್ಣೂ ಹಾಯಿಸದೆ ಪ್ರಶ್ನಾವಳಿ ತೆಗೆದು ಮೂರನೇ ಪ್ರಶ್ನೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದರು. 'ಕಳೆದ ಏಳು ದಿನಗಳಲ್ಲಿ ಹಣ ಅಥವಾ ಲಾಭಕ್ಕಾಗಿ ಕನಿಷ್ಠ ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ? ಹೌದು / ಇಲ್ಲ.'

"ಈ ಒಂದು ಗಂಟೆ ಎಲ್ಲಿಂದ ಬಂತು?"

"ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯದ್ದು, ಐಎಲ್‌ಒ ಮಾನದಂಡ ಮೇಡಂ. ಕಾರ್ಮಿಕ ಅಂಕಿಅಂಶ ತಜ್ಞರ ಸಮ್ಮೇಳನದ 2013ರ ನಿರ್ಣಯದಲ್ಲಿದೆ."

"ಸರಿ. ಐವತ್ತು ನಿಮಿಷ ಮಾಡಿದವಳು? ಅವಳಿಗೆ ಉದ್ಯೋಗ ಇಲ್ಲದೇ ಇರೋದು ಜಗತ್ತಿನಲ್ಲೋ, ನಿಮ್ಮ ಫಾರಂನಲ್ಲೋ?"

ನಾನು ಸುಮ್ಮನಿದ್ದೆ. "ನಿಮ್ಮ ಆಂಟಾಲಜಿ ಇರೋದು ಇಲ್ಲಿ. ಆ ಕೋಷ್ಟಕ ತೆಗೀರಿ, ಇದಕ್ಕೆ ಉತ್ತರ ಬರ್ಕೊಂಡು ಬನ್ನಿ" ಅಂದರು.

ಉತ್ತರ ಬರೆಯಲು ಹಳಬರನ್ನು ಓದಲು ಕೂತೆ. ಪಠ್ಯಪುಸ್ತಕಗಳು ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಕೈಮ್‌ನನ್ನು ಪಾಸಿಟಿವಿಸಂ ಕಾಲಂನಲ್ಲಿ ಕೂರಿಸಿ ಮುಂದೆ ಹೋಗಿಬಿಡುತ್ತವೆ. ಮೂಲವನ್ನೇ ಓದಿದಾಗ ಅವನು ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ ಎಂದು ಗೊತ್ತಾಯಿತು. ಸಾಮಾಜಿಕ ಸಂಗತಿಗಳನ್ನು ವಸ್ತುಗಳೆಂದೇ ಭಾವಿಸಿ ಅಧ್ಯಯನ ಮಾಡಬೇಕು ಎಂದು 1895ರಲ್ಲಿ ಅವನು ಬರೆದದ್ದರ ತಾತ್ಪರ್ಯ ಸಮಾಜ ಕಲ್ಲುಮಣ್ಣಿನ ಹಾಗೆ ಎಂದಲ್ಲ. ಅದು ನಮ್ಮ ಹೊರಗಿದೆ, ನಮ್ಮ ಮೇಲೆ ಒತ್ತಡ ಹಾಕುತ್ತದೆ, ಕಣ್ಣುಮುಚ್ಚಿ ಕೂತು ನಮ್ಮ ಮನಸ್ಸನ್ನು ಕೆದಕಿದ ಮಾತ್ರಕ್ಕೆ ಅದು ತಿಳಿಯುವುದಿಲ್ಲ ಎಂದು. ಒಂದು ಪೀಸಿಗೆ ಇಷ್ಟು ಎಂಬ ರೇಟು ನನ್ನ ಅಧ್ಯಯನದ ಯಾವ ಹೆಂಗಸಿನ ಅಭಿಪ್ರಾಯವನ್ನೂ ಕೇಳಿ ನಿಗದಿಯಾದದ್ದಲ್ಲ. ಅವಳು ಅದನ್ನು ಹೇಗೆ ಅರ್ಥ ಮಾಡಿಕೊಂಡರೂ ಅದು ಬದಲಾಗುವುದಿಲ್ಲ. ಈ ಮಟ್ಟಿಗೆ ದುರ್ಕೈಮ್ ಹೇಳಿದ್ದನ್ನು ಅಲ್ಲಗಳೆಯಲು ಇವತ್ತಿಗೂ ನನ್ನಿಂದ ಆಗಿಲ್ಲ.

ಎರಡು ವರ್ಷದ ನಂತರ, 1897ರಲ್ಲಿ, ಅವನು ಆತ್ಮಹತ್ಯೆಯ ಅಂಕಿಅಂಶಗಳನ್ನು ಇಟ್ಟುಕೊಂಡು ಪ್ರಾಟೆಸ್ಟೆಂಟರಿಗಿಂತ ಕ್ಯಾಥೊಲಿಕರಲ್ಲಿ ಪ್ರಮಾಣ ಕಡಿಮೆ ಎಂದು ತೋರಿಸಿ, ಕಾರಣವನ್ನು ಸಮುದಾಯದ ಒಗ್ಗಟ್ಟಿನಲ್ಲಿ ಹುಡುಕಿದ. ಪಾಠದಲ್ಲಿ ಇಷ್ಟನ್ನು ಎಲ್ಲರೂ ಓದಿರುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೆ ಬಂದ ಆಕ್ಷೇಪ. 1967ರಲ್ಲಿ ಸಮಾಜಶಾಸ್ತ್ರಜ್ಞ ಜ್ಯಾಕ್ ಡಗ್ಲಸ್ ಕೇಳಿದ್ದು ಬಹಳ ಸರಳವಾದ ಪ್ರಶ್ನೆ: ಆ ಸಂಖ್ಯೆಗಳನ್ನು ಬರೆದವರು ಯಾರು? ಒಂದು ಸಾವು 'ಆತ್ಮಹತ್ಯೆ' ಎಂದು ದಾಖಲಾಗುವ ಮುಂಚೆ ಮನೆಯವರು, ವೈದ್ಯರು, ಅಧಿಕಾರಿಗಳು ಅದನ್ನು ಹಾಗೆಂದು ಒಪ್ಪಬೇಕು. ಒಗ್ಗಟ್ಟು ಬಲವಾಗಿರುವ ಕಡೆ ಮುಚ್ಚಿಡುವ ಒತ್ತಡವೂ ಬಲವಾಗಿರುತ್ತದೆ. ಹಾಗಿದ್ದರೆ ಒಗ್ಗಟ್ಟು ಕಡಿಮೆ ಮಾಡಿದ್ದು ಸಾವನ್ನೋ, ದಾಖಲೆಯನ್ನೋ? ಮುಂದೆ ಮ್ಯಾಕ್ಸ್‌ವೆಲ್ ಅಟ್ಕಿನ್ಸನ್ ಇಂಗ್ಲೆಂಡಿನಲ್ಲಿ ಸಾವಿನ ತನಿಖೆ ನಡೆಸುವ ಕರೋನರುಗಳು ಈ ತೀರ್ಮಾನಕ್ಕೆ ಹೇಗೆ ಬರುತ್ತಾರೆ ಎಂಬುದನ್ನೇ ಅಧ್ಯಯನದ ವಸ್ತು ಮಾಡಿಕೊಂಡ. 1978ರಲ್ಲಿ ಅದು ಪ್ರಕಟವಾಯಿತು. ಸತ್ತವರ ಬಗ್ಗೆ ಇದ್ದ ಪ್ರಶ್ನೆ ಈಗ ಫಾರಂ ತುಂಬುವವರ ಬಗ್ಗೆ ಆಯಿತು.

ನನ್ನ ಸಂಶೋಧನೆಯಲ್ಲಿ ಫಾರಂ ತುಂಬುವವಳು ನಾನೇ. ಪ್ರಶ್ನಾವಳಿಯ ಪ್ರೀ-ಟೆಸ್ಟ್‌ಗೆ ಹೋದಾಗ ಅದು ಕಣ್ಣಿಗೆ ಕಟ್ಟುವಂತೆ ಕಂಡಿತು. ಒಬ್ಬ ಹಿರಿಯ ಹೆಂಗಸು ಬಾಗಿಲ ಬೆಳಕಿಗೆ ಬೆನ್ನು ಮಾಡಿ ಕೂತಿದ್ದರು. ಎಡಕ್ಕೆ ಆಗಬೇಕಾದ ಬಟ್ಟೆಗಳ ರಾಶಿ, ಬಲಕ್ಕೆ ಆದವುಗಳದ್ದು. ಒಂದೆರಡು ಪ್ರಶ್ನೆ ಮುಗಿಸಿ ಮೂರನೆಯದಕ್ಕೆ ಬಂದೆ.

"ಅಕ್ಕ, ಹೋದ ವಾರ ದುಡ್ಡು ಬರೋ ಅಂಥ ಕೆಲಸ ಏನಾದ್ರೂ ಮಾಡಿದ್ರಾ? ಒಂದು ಗಂಟೆ ಆದ್ರೂ ಸರಿ."

"ಇಲ್ಲ ಕಣಮ್ಮ, ನಾನು ಮನೇಲೇ ಇರ್ತೀನಿ. ಕೆಲಸಕ್ಕೆ ಹೋಗೋದು ನಮ್ಮ ಯಜಮಾನ್ರು."

ಹೇಳುತ್ತಲೇ ಸೂಜಿಯನ್ನು ಹುಕ್ಕಿನ ಕಣ್ಣಿನೊಳಗೆ ತೂರಿಸಿ, ಅದೇ ತೂತಿನಲ್ಲಿ ಮತ್ತೆರಡು ಸಲ ಸುತ್ತಿ ಬಿಗಿದು, ಹಲ್ಲಿನಲ್ಲಿ ದಾರ ಕಡಿದು, ಬಟ್ಟೆಯನ್ನು ಮಡಚದೆಯೇ ಬಲಗಡೆಗೆ ಹಾಕಿದರು. ಕೈ ಆಗಲೇ ಎಡಗಡೆಯ ರಾಶಿಗೆ ಹೋಗಿತ್ತು. ನನ್ನ ಪೆನ್ನು 'ಹೌದು', 'ಇಲ್ಲ' ಎಂಬ ಎರಡು ಚೌಕಗಳ ನಡುವೆ ನಿಂತಿತ್ತು.

'ಇಲ್ಲ' ಚೌಕಕ್ಕೆ ಟಿಕ್ ಹಾಕಬಹುದು. ಅವರು ಹೇಳಿದ್ದೇ ಅದು. ಜನ ತಮ್ಮ ಬದುಕಿಗೆ ಕೊಟ್ಟುಕೊಂಡ ಅರ್ಥವೇ ಸಮಾಜವಿಜ್ಞಾನದ ಕಚ್ಚಾ ವಸ್ತು ಎಂದು ನಂಬಿದರೆ ಬೇರೆ ದಾರಿಯೇ ಇಲ್ಲ. ಮನುಷ್ಯರ ವಿಜ್ಞಾನಗಳು ನಿಸರ್ಗವಿಜ್ಞಾನಗಳಿಗಿಂತ ಬೇರೆ ಜಾತಿಯವು, ಅಲ್ಲಿ ಒಳಗಿನಿಂದ ಅರ್ಥ ಮಾಡಿಕೊಳ್ಳುವುದೇ ಮುಖ್ಯ ಎಂದು 1883ರಲ್ಲಿ ಜರ್ಮನ್ ತತ್ವಜ್ಞಾನಿ ವಿಲ್‌ಹೆಲ್ಮ್ ಡಿಲ್ತೈ ವಾದಿಸಿದಾಗಿನಿಂದ ಈ ಪಂಥ ಇದೆ. ಆದರೆ ಏಜೆಂಟನನ್ನು ಮಾತಾಡಿಸಿದಾಗ ಅವನೂ ಇದನ್ನೇ ಹೇಳಿದ: "ಅದೇನ್ ಕೆಲಸ ಮೇಡಂ, ಹೆಂಗಸರು ಟೈಂಪಾಸ್‌ಗೆ ಮಾಡ್ತಾರೆ." ರೇಟು ಅಷ್ಟು ಕಡಿಮೆ ಇರುವುದಕ್ಕೆ ಅವನು ಕೊಡುವ ಸಮರ್ಥನೆಯೂ ಇದೇ. ಆಕೆಯ ಮಾತಿಗೆ ನಾನು ಪೂರ್ತಿ ನಿಷ್ಠಳಾದರೆ ನನ್ನ ದತ್ತಾಂಶ ಏಜೆಂಟನ ಲೆಕ್ಕದ ಪುಸ್ತಕದ ಜೊತೆ ಸರಿಯಾಗಿ ತಾಳೆಯಾಗುತ್ತದೆ.

'ಹೌದು' ಎಂದು ಹಾಕಬಹುದು. ಕಣ್ಣೆದುರಿಗೆ ರಾಶಿ ಇದೆ. ಹೋಂವರ್ಕರ್‌ಗಳಿಗಾಗಿ, ಅಂದರೆ ಮನೆಯಲ್ಲೇ ಕೂತು ಬೇರೆಯವರಿಗೆ ಸರಕು ತಯಾರಿಸಿ ಕೊಡುವವರಿಗಾಗಿ, ಐಎಲ್‌ಒ 1996ರಲ್ಲಿ 177ನೇ ಒಡಂಬಡಿಕೆಯನ್ನೇ ತಂದಿದೆ. ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ ಆಕೆ ಉದ್ಯೋಗಸ್ಥೆ. ಆದರೆ ಆಗ ಆಕೆಯ ಬದುಕಿನ ಬಗ್ಗೆ ಆಕೆಗಿಂತ ನನಗೇ ಹೆಚ್ಚು ಗೊತ್ತು ಎಂದು ಒಪ್ಪಿಕೊಂಡಂತಾಯಿತು. ಹಾಗಿದ್ದರೆ ಕೇಳಲು ಹೋಗಿದ್ದಾದರೂ ಯಾಕೆ, ರಾಶಿ ಎಣಿಸಿಕೊಂಡು ಬಂದಿದ್ದರೆ ಸಾಕಿತ್ತಲ್ಲ?

ಉಳಿದಿದ್ದು ಕೆದಕುವುದು. "ಈ ಬಟ್ಟೆಗೆ ದುಡ್ಡು ಕೊಡ್ತಾರಲ್ವಾ ಅಕ್ಕ?" ಅಂದರೆ ಹೌದು ಅಂದೇ ಅನ್ನುತ್ತಾರೆ. ಸರ್ವೇ ಕೈಪಿಡಿಗಳು ಇದನ್ನು ಪ್ರೋಬ್ ಅನ್ನುತ್ತವೆ, ತಟಸ್ಥವಾಗಿ ಕೆದಕಬೇಕು ಅನ್ನುತ್ತವೆ. ಆ ತಾಟಸ್ಥ್ಯ ಎಲ್ಲಿರುತ್ತದೋ ನನಗೆ ಕಾಣಲಿಲ್ಲ. ಕೆದಕಿದ ಕ್ಷಣದಿಂದ ಆ ಉತ್ತರದಲ್ಲಿ ನನ್ನದೂ ಪಾಲಿದೆ.

ನಾನು ಎರಡು ಚೌಕವನ್ನೂ ಬಿಟ್ಟು ಪಕ್ಕದ ಅಂಚಿನಲ್ಲಿ ನಮ್ಮಿಬ್ಬರ ಮಾತನ್ನೂ, ಆಕೆಯ ಕೈಯ ಚಲನೆಯನ್ನೂ ಬರೆದುಕೊಂಡೆ. ಆ ಅಂಚಿನ ಬರಹವೇ ಮುಂದೆ ಚಾಪ್ಟರ್ ಆಯಿತು.

ಅಲ್ಲಿಂದ ಬಂದು ಓದಿದ್ದರಲ್ಲಿ ಸಮಾಜಚಿಂತಕ ಆಲ್ಫ್ರೆಡ್ ಶುಟ್ಜ್ ತಕ್ಷಣಕ್ಕೆ ಕೆಲಸಕ್ಕೆ ಬಂದ. ನಿಸರ್ಗವಿಜ್ಞಾನಿ ಅಧ್ಯಯನ ಮಾಡುವ ಅಣುಗಳು ತಮ್ಮ ಬಗ್ಗೆ ತಾವೇ ಏನೂ ಅಂದುಕೊಳ್ಳುವುದಿಲ್ಲ, ಮನುಷ್ಯರು ಅಂದುಕೊಳ್ಳುತ್ತಾರೆ. ಆದ್ದರಿಂದ ಸಮಾಜವಿಜ್ಞಾನಿಯ ಪರಿಕಲ್ಪನೆಗಳು ಎರಡನೇ ಮಟ್ಟದವು, ಜನರ ಪರಿಕಲ್ಪನೆಗಳ ಮೇಲೆ ಕಟ್ಟಿದವು. ಇದರ ಜೊತೆಗೆ ಅವನು ಒಂದು ಷರತ್ತು ಹಾಕುತ್ತಾನೆ: ನಾವು ಕಟ್ಟಿದ ಪರಿಕಲ್ಪನೆ ಆ ಜನರಿಗೂ ಅವರ ದೈನಂದಿನ ತಿಳಿವಳಿಕೆಯಲ್ಲಿ ಅರ್ಥವಾಗುವಂತಿರಬೇಕು. ಬರೆಯಲು ಸಲೀಸಾದ, ಪಾಲಿಸಲು ಕಷ್ಟವಾದ ಷರತ್ತು. 'ಗೃಹಾಧಾರಿತ ಉಪಗುತ್ತಿಗೆ ಕಾರ್ಮಿಕರು' ಎಂಬ ನನ್ನ ವರ್ಗವನ್ನು ಬಿಡಿಸಿ ಹೇಳಿದಾಗ ಇಬ್ಬರು ಮೂವರು ಹೆಂಗಸರು ನಕ್ಕೇಬಿಟ್ಟರು. ಒಬ್ಬರು, "ಅಷ್ಟು ದೊಡ್ಡ ಹೆಸರು ಇಟ್ರೆ ರೇಟು ಜಾಸ್ತಿ ಮಾಡ್ತಾರಾ?" ಅಂತ ಕೇಳಿದರು. ಶುಟ್ಜ್‌ನ ಷರತ್ತಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತೋಚುವುದಿಲ್ಲ.

ಈ ಹಂತದಲ್ಲಿ ಮೇಡಂ ವಿಜ್ಞಾನದ ತತ್ವಜ್ಞಾನಿ ಕಾರ್ಲ್ ಪಾಪ್ಪರ್‌ನನ್ನು ತಂದು ನಿಲ್ಲಿಸಿದರು. ವ್ಯಾಖ್ಯಾನವಾದದ ಕಡೆ ಜಾರುತ್ತಿದ್ದ ನನಗೆ ಬೇಕಾಗಿದ್ದ ಬ್ರೇಕು ಅದು. ನನ್ನದೊಂದು ಪ್ರಾಕ್ಕಲ್ಪನೆ ಇತ್ತು: ಪೀಸ್ ಕೆಲಸದ ಹಣ ಕೈಗೆ ಬರುವುದರಿಂದ ಮನೆಯ ಖರ್ಚಿನ ತೀರ್ಮಾನಗಳಲ್ಲಿ ಹೆಂಗಸರ ಮಾತು ಹೆಚ್ಚು ನಡೆಯುತ್ತದೆ ಎಂದು. "ಇದು ಸುಳ್ಳು ಅಂತ ಆಗಬೇಕಾದ್ರೆ ನೀವು ಏನು ನೋಡಬೇಕು? ಅದನ್ನ ಮೊದಲು ಬರೀರಿ" ಅಂದರು. ಮಾತು ನಡೆದರೆ 'ಸಬಲೀಕರಣ', ನಡೆಯದಿದ್ದರೆ 'ಸೂಕ್ಷ್ಮ ಪ್ರತಿರೋಧ' ಎಂದು ಎರಡನ್ನೂ ನನ್ನ ಪರವಾಗಿ ಓದುವ ಕಲೆ ನಮ್ಮ ವಿಭಾಗಗಳಲ್ಲಿ ಚೆನ್ನಾಗಿ ಬೆಳೆದಿದೆ. ಸುಳ್ಳಾಗಲು ಸಾಧ್ಯವೇ ಇಲ್ಲದ ಹೇಳಿಕೆ ವಿಜ್ಞಾನವಲ್ಲ ಎಂಬ ಪಾಪ್ಪರ್‌ನ 1934ರ ಮಾತನ್ನು ಗುಣಾತ್ಮಕ ಸಂಶೋಧಕರು ಹಳೆಯ ಕಾಲದ್ದು ಎಂದು ಪಕ್ಕಕ್ಕಿಡುತ್ತಾರೆ. ನನ್ನ ಮಟ್ಟಿಗೆ ಸಂದರ್ಶನದ ಪ್ರಶ್ನೆಗಳನ್ನು ಹೆಚ್ಚು ಬದಲಾಯಿಸಿದ್ದು ಅದೇ. ತಮಾಷೆಯೆಂದರೆ, 1961ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಪಾಪ್ಪರ್ ಮತ್ತು ಸಮಾಜಚಿಂತಕ ಅಡೋರ್ನೋ ಎದುರುಬದುರಾದಾಗ ಶುರುವಾದ ಜಗಳಕ್ಕೆ 'ಪಾಸಿಟಿವಿಸಂ ವಿವಾದ' ಎಂದೇ ಹೆಸರು ಬಿದ್ದಿದೆ, ಆದರೆ ಪಾಪ್ಪರ್ ತನ್ನನ್ನು ಪಾಸಿಟಿವಿಸ್ಟ್ ಎಂದು ಒಪ್ಪಿದವನೇ ಅಲ್ಲ. ಪಾಸಿಟಿವಿಸ್ಟ್ ಯಾವಾಗಲೂ ಪಕ್ಕದ ವಿಭಾಗದವನು.

ಜಗಳದ ಮಾತು ಬಂದಿದ್ದಕ್ಕೆ ಇನ್ನೊಂದು. 'ಪ್ಯಾರಡೈಮ್', ಅಂದರೆ ಒಂದು ವಿಜ್ಞಾನದವರೆಲ್ಲ ಒಪ್ಪಿ ಹಂಚಿಕೊಂಡ ಚೌಕಟ್ಟು, ಎಂಬುದನ್ನು ನಾವೆಲ್ಲ ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್‌ನಿಂದ ಎರವಲು ತಂದು ನಮ್ಮ ಕೋಷ್ಟಕದ ತಲೆಯ ಮೇಲೆ ಇಡುತ್ತೇವೆ. ಕೂನ್‌ಗೆ ಅದು ಹೊಳೆದದ್ದು ಸಮಾಜವಿಜ್ಞಾನಿಗಳನ್ನು ನೋಡಿ. ಭೌತಶಾಸ್ತ್ರ ಓದಿದ ಆತ 1958-59ರಲ್ಲಿ ಸ್ಟ್ಯಾನ್‌ಫರ್ಡ್‌ನ ಸೆಂಟರ್ ಫಾರ್ ಅಡ್ವಾನ್ಸ್ಡ್ ಸ್ಟಡಿ ಇನ್ ದಿ ಬಿಹೇವಿಯರಲ್ ಸೈನ್ಸಸ್‌ನಲ್ಲಿ ಒಂದು ವರ್ಷ ನಮ್ಮಂಥವರ ನಡುವೆ ಇದ್ದ. ಯಾವುದು ಸರಿಯಾದ ಪ್ರಶ್ನೆ, ಯಾವುದು ಸರಿಯಾದ ವಿಧಾನ ಎಂಬುದರಲ್ಲೇ ಇವರು ಬಹಿರಂಗವಾಗಿ ಕಾದಾಡುವುದನ್ನು ಕಂಡು ಬೆರಗಾದ. ಭೌತಶಾಸ್ತ್ರಜ್ಞರು ಯಾಕೆ ಹಾಗೆ ಕಾದಾಡುವುದಿಲ್ಲ ಎಂದು ಯೋಚಿಸುತ್ತ ಆ ಪರಿಕಲ್ಪನೆಗೆ ಬಂದ. 1962ರ ತನ್ನ ಪುಸ್ತಕದ ಮುನ್ನುಡಿಯಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಅಂದರೆ ನಮ್ಮಲ್ಲಿ ಇಲ್ಲದ್ದನ್ನು ಹೆಸರಿಸಲು ಹುಟ್ಟಿದ ಪರಿಕಲ್ಪನೆಯನ್ನು ನಾವು ನಮ್ಮಲ್ಲಿ ನಾಲ್ಕೈದು ಇವೆ ಎಂದು ಹೇಳಲು ಬಳಸುತ್ತಿದ್ದೇವೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳು 1970ರಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಯಲ್ಲಿ ಸುಟ್ಟದ್ದೂ ಇದೇ ಸೆಂಟರಿನಲ್ಲಿ. ಆಮೇಲೆ ಅವರು ಬಹುಪಾಲು ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಬಂತು. ಟಿಪ್ಪಣಿ ಹೋದ ಮೇಲೆ ಉಳಿದದ್ದು ದತ್ತಾಂಶವೇ? ಸಂಶೋಧಕನೇ ಉಪಕರಣ ಎಂದು ಬಾಯಿಮಾತಿಗೆ ಹೇಳುವ ನಾವು ಆ ಪುಸ್ತಕವನ್ನು 'ಸಾಹಿತ್ಯದಂತಿದೆ' ಎಂದು ಹೊಗಳಿ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತೇವೆ ಅನ್ನಿಸುತ್ತದೆ.

ನಾನೇ ಉಪಕರಣವಾದರೆ ಆ ಉಪಕರಣ ಎಂಥದ್ದು ಎಂದೂ ನೋಡಬೇಕಲ್ಲ. ಒಂದು ಮಧ್ಯಾಹ್ನ ಆ ಹಿರಿಯ ಹೆಂಗಸಿನ ಪಕ್ಕ ಕೂತು ನಾನೂ ಹುಕ್ಕು ಹಾಕಿದೆ. ತೋರುಬೆರಳ ತುದಿ ಉರಿಯತೊಡಗಿತು, ಕತ್ತು ಹಿಡಿಯಿತು. ಮೊದಲ ಕೆಲವನ್ನು ಆಕೆ ಬಿಚ್ಚಿ ಮತ್ತೆ ಹಾಕಬೇಕಾಯಿತು. ಸಂಜೆ ಎದ್ದು ಬಂದೆ. ಆಗ ತಾನೇ ಚಿಂತಕರಾದ ಗೋಪಾಲ್ ಗುರು ಮತ್ತು ಸುಂದರ್ ಸಾರುಕ್ಕೈ ಅವರ ಚರ್ಚೆ ಓದುತ್ತಿದ್ದೆ. ದಲಿತ ಅನುಭವದ ಬಗ್ಗೆ ಸಿದ್ಧಾಂತ ಕಟ್ಟುವ ಹಕ್ಕು ಯಾರದು ಎಂಬಲ್ಲಿಂದ ಹೊರಟು 2012ರಲ್ಲಿ ಪುಸ್ತಕವಾಗಿ ಬಂದ ಚರ್ಚೆ ಅದು. ಬದುಕಿದ ಅನುಭವ ಅನ್ನಿಸಿಕೊಳ್ಳಲು ಅದರೊಳಗೆ ಇರುವುದಷ್ಟೇ ಸಾಲದು, ಅದರಿಂದ ಎದ್ದು ಹೋಗುವ ಸ್ವಾತಂತ್ರ್ಯ ಇಲ್ಲದಿರಬೇಕು ಎಂಬ ಅರ್ಥದ ವಾದವೊಂದು ಸಾರುಕ್ಕೈ ಅವರಲ್ಲಿ ಬರುತ್ತದೆ. ನನ್ನ ಬೆರಳ ಉರಿ ಹಾಗಾಗಿ ದತ್ತಾಂಶವಲ್ಲ. ಥೀಸಿಸ್‌ನಲ್ಲಿ 'ಸಹಭಾಗಿ ಅವಲೋಕನ' ಎಂಬ ಉಪಶೀರ್ಷಿಕೆ ಹಾಕಿ ಅದನ್ನು ಮಾರಿಕೊಳ್ಳಬಹುದಿತ್ತು. ಹಾಕಲಿಲ್ಲ.

ಎಲ್ಲ ತಲೆಕೆಳಗಾದದ್ದು ಎರಡನೇ ಸುತ್ತಿನ ಸಂದರ್ಶನಗಳಲ್ಲಿ. ತಿಂಗಳುಗಳ ನಂತರ ಅದೇ ಮನೆಗೆ ಹೋಗಿ ಅದೇ ಮೂರನೇ ಪ್ರಶ್ನೆ ಕೇಳಿದೆ.

"ಮಾಡ್ತೀನಿ ಅಂತ ಬರ್ಕೋ. ನೀನು ಹೋದ್ಮೇಲೆ ನಾನೇ ಕೂತು ಲೆಕ್ಕ ಹಾಕಿದೆ ಕಣಮ್ಮ. ದಿನಕ್ಕೆ ಆರು ಗಂಟೆ ಮೇಲೇ ಆಗುತ್ತೆ. ಏಜೆಂಟ್‌ನೂ ಕೇಳಿದೆ, ಒಂದ್ ಹುಕ್ಕಿಗೆ ಎಷ್ಟೊತ್ತು ಅಂತ ನಿನಗೇನಾದ್ರೂ ಗೊತ್ತೇನಪ್ಪ ಅಂತ."

ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಪ್ರತಿದಿನದ ಪೀಸುಗಳ ಎಣಿಕೆ ಇತ್ತು. ಹಿಂದಿನ ಭೇಟಿಯಲ್ಲಿ ಆ ಚೌಕಗಳು ಖಾಲಿ ಇದ್ದವು.

ಸರ್ವೇ ಶಾಸ್ತ್ರದ ಪ್ರಕಾರ ಇದು ಕೆಟ್ಟುಹೋದ ದತ್ತಾಂಶ. ಅಳತೆಗೋಲು ತಾನು ಅಳೆಯಬೇಕಾದದ್ದನ್ನೇ ಬದಲಾಯಿಸಿಬಿಟ್ಟಿದೆ, ಈ ಪ್ರಕರಣವನ್ನು ಕೈಬಿಡಬೇಕು. ತತ್ವಜ್ಞಾನಿ ಇಯಾನ್ ಹ್ಯಾಕಿಂಗ್‌ನನ್ನು ಓದಿದವರಿಗೆ ಮಾತ್ರ ಇದು ಸಂಶೋಧನೆಯ ನಡುಭಾಗ. ಮನುಷ್ಯರನ್ನು ಒಂದು ವರ್ಗಕ್ಕೆ ಸೇರಿಸಿದಾಗ ಅವರಿಗೆ ಅದು ಗೊತ್ತಾಗುತ್ತದೆ, ಗೊತ್ತಾದ ಮೇಲೆ ಅವರು ಬದಲಾಗುತ್ತಾರೆ, ಅವರು ಬದಲಾದ್ದರಿಂದ ವರ್ಗವೂ ಬದಲಾಗಬೇಕಾಗುತ್ತದೆ. ಹ್ಯಾಕಿಂಗ್ ಇದನ್ನು ಲೂಪಿಂಗ್ ಅನ್ನುತ್ತಾನೆ. ಇದಕ್ಕೂ ಬಹಳ ಮುಂಚೆ, 1948ರಲ್ಲಿ, ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ತನ್ನನ್ನು ತಾನೇ ನಿಜಮಾಡಿಕೊಳ್ಳುವ ಭವಿಷ್ಯವಾಣಿಯ ಬಗ್ಗೆ ಬರೆದಿದ್ದ. ಬ್ಯಾಂಕು ಮುಳುಗುತ್ತದೆ ಎಂಬ ಸುಳ್ಳು ಸುದ್ದಿಗೆ ಎಲ್ಲರೂ ಹಣ ತೆಗೆಯಲು ಓಡಿ ಬ್ಯಾಂಕು ನಿಜಕ್ಕೂ ಮುಳುಗುವ ಉದಾಹರಣೆ ಅವನದು. ಆದರೆ ನನ್ನ ಮುಂದಿದ್ದದ್ದು ಸುಳ್ಳು ನಿಜವಾದ ಕಥೆಯಲ್ಲ. ಆಕೆ ಮೊದಲೂ ಅಷ್ಟೇ ಹೊತ್ತು ಹೊಲಿಯುತ್ತಿದ್ದರು. ಬದಲಾದದ್ದು ಅದಕ್ಕೊಂದು ಲೆಕ್ಕ ಹುಟ್ಟಿದ್ದು, ಆ ಲೆಕ್ಕದಿಂದ ಏಜೆಂಟನ ಎದುರಿಗೆ ಒಂದು ಮಾತು ಹುಟ್ಟಿದ್ದು.

ಈ ವ್ಯತ್ಯಾಸವನ್ನು ಬರೆಯಲು ನೆಲೆ ಕೊಟ್ಟದ್ದು ತತ್ವಜ್ಞಾನಿ ರಾಯ್ ಭಾಸ್ಕರ್. 1975ರ ಮೊದಲ ಪುಸ್ತಕದಲ್ಲಿ ಅವನು ಮೂರು ಸ್ತರಗಳನ್ನು ಬೇರೆ ಮಾಡುತ್ತಾನೆ: ನಮಗೆ ಅನುಭವಕ್ಕೆ ಬಂದದ್ದು, ಯಾರ ಅನುಭವಕ್ಕೆ ಬಂದರೂ ಬರದಿದ್ದರೂ ನಡೆದದ್ದು, ಮತ್ತು ಆ ನಡೆಯುವಿಕೆಯ ಹಿಂದಿನ ರಚನೆಗಳು, ಕಾರ್ಯಕಾರಣ ಶಕ್ತಿಗಳು. ನನ್ನ ವಿಷಯಕ್ಕೆ ಹಚ್ಚಿ ನೋಡಿದರೆ, 'ನಾನು ಕೆಲಸ ಮಾಡಲ್ಲ' ಎಂಬುದು ಮೊದಲನೆಯದು. ಬಲಗಡೆಯ ರಾಶಿ ಬೆಳೆದದ್ದು ಎರಡನೆಯದು. ಹೆಂಗಸರ ಮನೆಯೊಳಗಿನ ದುಡಿಮೆಗೆ ಲೆಕ್ಕವಿಲ್ಲ ಎಂಬ ನಂಬಿಕೆಯನ್ನೇ ಅಗ್ಗದ ರೇಟಾಗಿ ಪರಿವರ್ತಿಸುವ ಉಪಗುತ್ತಿಗೆಯ ಏರ್ಪಾಡು ಮೂರನೆಯದು. ಆಕೆಯ ಉತ್ತರ ತಪ್ಪೂ ಅಲ್ಲ, ಕೊನೆಯ ಮಾತೂ ಅಲ್ಲ. ಆ ಏರ್ಪಾಡು ನಡೆಯಲು ಬೇಕಾದ ಒಂದು ಅಂಗ. ಹಾಗಾಗಿ ಮೂರನೇ ಪ್ರಶ್ನೆಗೆ 'ಇಲ್ಲ' ಎಂದವರನ್ನು ನಾನು ಅಳತೆಯ ದೋಷ ಎಂದು ಎಣಿಸದೆ, ವಿವರಿಸಬೇಕಾದ ಸಂಗತಿ ಎಂದು ಎಣಿಸಿದೆ.

ಭಾಸ್ಕರ್‌ನ ಈ ನೆಲೆ, ಅಂದರೆ ವಿಮರ್ಶಾತ್ಮಕ ವಾಸ್ತವವಾದ, ಈಗ ಥೀಸಿಸ್‌ಗಳಲ್ಲಿ ಫ್ಯಾಷನ್ ಆಗಿದೆ ಎಂಬುದು ಗೊತ್ತು. ಆ ಕಡೆಯವರಿಗೂ ಈ ಕಡೆಯವರಿಗೂ ನೋವಾಗದ ನಡುದಾರಿ ಎಂದು ಅದನ್ನು ಹಿಡಿಯುವವರೇ ಹೆಚ್ಚು. ಹಾಗೆ ಹಿಡಿದರೆ ಅದಕ್ಕಿಂತ ಸೋಮಾರಿ ಆಯ್ಕೆ ಇನ್ನೊಂದಿಲ್ಲ. 'ಆಳದ ರಚನೆ' ಎಂದು ಯಾವುದನ್ನು ಬೇಕಾದರೂ ಹೇಳಿ ಪಾರಾಗುವ ಅಪಾಯ ಅದರಲ್ಲಿದೆ, ಮತ್ತು ಆ ಅಪಾಯಕ್ಕೆ ಪಾಪ್ಪರ್‌ನ ಪ್ರಶ್ನೆಯೇ ಮದ್ದು. ಏರ್ಪಾಡು ನಾನು ಹೇಳಿದ ಹಾಗೆ ಇದ್ದರೆ, ಲೆಕ್ಕ ಬರೆದಿಡಲು ಶುರುಮಾಡಿದ ಮನೆಗಳಲ್ಲಿ ಏಜೆಂಟನ ಜೊತೆಗಿನ ಮಾತುಕತೆ ಬೇರೆಯಾಗಬೇಕು. ಕೆಲವು ಕಡೆ ಆಯಿತು. ಕೆಲವು ಕಡೆ ಏಜೆಂಟ್ ಗಂಟನ್ನು ಪಕ್ಕದ ಬೀದಿಗೆ ಕೊಟ್ಟ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲು ಕೇಳಿದ್ದು ನಾನು ಆ ಹೆಂಗಸರ ಪರವೋ ಎಂದು. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್‌ನ 1904ರ ಪ್ರಬಂಧವನ್ನು ಇದಕ್ಕಾಗಿಯೇ ಓದಿಕೊಂಡು ಹೋಗಿದ್ದೆ. ಯಾವುದನ್ನು ಅಧ್ಯಯನಕ್ಕೆ ಯೋಗ್ಯ ಎಂದುಕೊಳ್ಳುತ್ತೇವೆ ಎಂಬುದನ್ನು ನಮ್ಮ ಮೌಲ್ಯಗಳೇ ತೀರ್ಮಾನಿಸುತ್ತವೆ, ಏನು ಸಿಕ್ಕಿತು ಎಂಬುದನ್ನು ಅವು ತೀರ್ಮಾನಿಸಬಾರದು ಎಂದೆ. "ಹಾಗಾದರೆ ರೇಟು ಸರಿಯಾಗಿಯೇ ಇದೆ ಅಂತ ಸಿಕ್ಕಿದ್ದರೆ?" ಅಂದರು. ಬರೆಯುತ್ತಿದ್ದೆ ಸರ್, ಅಂದೆ. ಅದನ್ನು ಹೇಗೆ ಪತ್ತೆ ಮಾಡುತ್ತಿದ್ದೆ ಎಂಬ ಭಾಗ ಚಾಪ್ಟರ್‌ನಲ್ಲಿದ್ದದ್ದು ಆಗ ಉಪಯೋಗಕ್ಕೆ ಬಂತು.

ಆಮೇಲೆ ಕೋಷ್ಟಕ ಯಾಕಿಲ್ಲ ಎಂದು ಯಾರೋ ಕೇಳಿದರು. ಮೇಡಂ ನನ್ನ ಪರವಾಗಿ ಉತ್ತರಿಸಲಿಲ್ಲ, ನೀರು ಕುಡಿದರು.

ಪರೀಕ್ಷಕರು ಸೂಚಿಸಿದ ತಿದ್ದುಪಡಿಗಳಲ್ಲಿ ದೊಡ್ಡದು, ಎರಡನೇ ಭೇಟಿಯ ವಿವರವನ್ನು ಅನುಬಂಧದಿಂದ ಎತ್ತಿ ಮೆಥಡಾಲಜಿ ಚಾಪ್ಟರ್‌ಗೇ ತರಬೇಕು ಎಂಬುದು. ತಂದೆ. ಒಂದು ವಿಷಯದಲ್ಲಿ ಮಾತ್ರ ಒಮ್ಮತ ಬರಲಿಲ್ಲ. ಮೊದಲ ಭೇಟಿಯ 'ಇಲ್ಲ' ಮತ್ತು ಎರಡನೆಯದರ 'ಹೌದು' ಒಂದೇ ಚರದ (ವೇರಿಯಬಲ್‌ನ) ಎರಡು ಮೌಲ್ಯಗಳು, ಬದಲಾವಣೆ ಎಂದು ಲೆಕ್ಕಕ್ಕೆ ಹಿಡಿಯಬಹುದು ಎಂದು ಪರೀಕ್ಷಕರ ವಾದ. ನಡುವೆ ಪ್ರಶ್ನೆಯ ಅರ್ಥವೇ ಬದಲಾಗಿರುವುದರಿಂದ ಅವು ಎರಡು ಬೇರೆ ಚರಗಳು, ಒಂದರಿಂದ ಇನ್ನೊಂದನ್ನು ಕಳೆಯಲು ಬರುವುದಿಲ್ಲ ಎಂದು ನನ್ನ ವಾದ. ಅಡಿಟಿಪ್ಪಣಿಯಲ್ಲಿ ಎರಡೂ ಇವೆ.